ಕಡಲುಗಳ್ಳರೂ ವಾಗಿನಗೇರೆಯ ನಾಯಕರೂ

ಯಾದಗಿರಿ, ಶಹಾಪುರ, ಸುರಪುರಗಳ ಹುಡುಗರಿಗೆ ಕಡಲು ದೂರದ ಮಾತು. ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರಿಗೂ ಹೆಚ್ಚು ನಡೆದಲ್ಲದೆ ಉಪ್ಪುನೀರು ಕಾಣಿಸದು. ಹಾಗಿದ್ದರೂ ಕಡಲುಗಳ್ಳರ ಕಥೆಯೆಂದರೆ ಅವರಿಗೆ ಎಲ್ಲಿಲ್ಲದ ಅಕ್ಕರೆ. ಒಂಟಿಗಾಲಿನ ಸಿಲ್ವರ್, ಅವನ ಹೆಗಲಮೇಲಿನ ಗಿಳಿ, ತಲೆಬುರುಡೆಯ ಕರಿಯ ಬಾವುಟ, ದ್ವೀಪದಲ್ಲಿ ಹೂತಿಟ್ಟ ಹೊನ್ನು ಇವೆಲ್ಲ ಅವರಿಗೆ ಮನೆಯ ಮಾತಾಗಿವೆ. ಕನ್ನಡ ಪಾಠ ಹೇಳುವುದನ್ನೇ ವೃತ್ತಿಯಾಗಿ ಉಳ್ಳ ನಾನು ಇದಕ್ಕಾಗಿ ಮಕ್ಕಳನ್ನು ಆಕ್ಷೇಪಿಸುವವನಲ್ಲ. ಒಳ್ಳೆಯ ಕಥೆ ಎಲ್ಲಿಂದ ಬಂದರೂ ಒಳ್ಳೆಯದೇ. ಆದರೆ ಒಂದು ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ: ಲಂಡನ್ನಿನ ಕಡಲುಗಳ್ಳನಿಗೆ ದೊರೆತ ಕಥೆಗಾರ ಸುರಪುರದ ನಾಯಕನಿಗೆ ಏಕೆ ದೊರೆಯಲಿಲ್ಲ? ಇವರಿಬ್ಬರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದೂ ತೀರ ಹತ್ತಿರದ ಸಂಬಂಧ.

ಸ್ಟೀವನ್ಸನ್ನನ ‘ಟ್ರೆಷರ್ ಐಲೆಂಡ್’ ಕಾದಂಬರಿ 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿ 1883ರಲ್ಲಿ ಪುಸ್ತಕವಾಯಿತು. ಸ್ಕಾಟ್ಲೆಂಡಿನ ಮಳೆಗಾಲದಂಥ ಒಂದು ಬೇಸಗೆಯಲ್ಲಿ, ಮನೆಯಿಂದ ಹೊರಬೀಳಲಾರದ ಹುಡುಗನೊಬ್ಬನ ಮನರಂಜನೆಗಾಗಿ ಬರೆದ ದ್ವೀಪದ ನಕಾಶೆಯೇ ಆ ಕಥೆಗೆ ಬೀಜ. ಆದರೆ ಅದರೊಳಗಿನ ಗಿಳಿಯ ನೆನಪು ನಮ್ಮ ಕರಾವಳಿಯವರೆಗೆ ಚಾಚಿದೆ. ಗೋವೆಯಿಂದ ಹೊರಟ ವೈಸರಾಯನ ಹಡಗನ್ನು ಕಳ್ಳರು ಹತ್ತಿದಾಗ ತನ್ನ ಗಿಳಿ ಅಲ್ಲಿತ್ತೆಂದು ಸಿಲ್ವರ್ ಜಂಬ ಕೊಚ್ಚುತ್ತಾನೆ. ಈ ಬಗೆಯ ಕಥೆಗಳಿಗೆಲ್ಲ ಮೂಲಧನವಾದದ್ದು 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲುಗಳ್ಳರ ಚರಿತ್ರೆ. ಆ ಕಾಲದ ಹೆಸರಾಂತ ಕಳ್ಳರಲ್ಲಿ ಹಲವರು ಬೇಟೆಯಾಡಿದ್ದು ಅರಬ್ಬೀ ಸಮುದ್ರದಲ್ಲಿ. ಕ್ಯಾಪ್ಟನ್ ಕಿಡ್ 1697ರಲ್ಲಿ ನಮ್ಮ ಕಾರವಾರಕ್ಕೇ ಬಂದು ಸೌದೆ ನೀರು ತುಂಬಿಸಿಕೊಂಡು ಹೋದವನು.

ಇವರಲ್ಲಿ ಅಗ್ರಗಣ್ಯನೆಂದರೆ ಹೆನ್ರಿ ಎವೆರಿ. ಅವನು 1695ರಲ್ಲಿ ಮೆಕ್ಕಾ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದ ‘ಗಂಜ್-ಇ-ಸವಾಯಿ’ ಎಂಬ ಹಡಗನ್ನು ಹಿಡಿದು ದೋಚಿದ. ಹಡಗು ಸಾಕ್ಷಾತ್ ಔರಂಗಜೇಬ ಚಕ್ರವರ್ತಿಯದು. ಹಡಗಿನ ನಾಖುದಾ ಇಬ್ರಾಹಿಂ ಖಾನನು ಕಾದಾಡುವ ಬದಲು ತಳಕ್ಕಿಳಿದು ಅವಿತುಕೊಂಡನೆಂದು ಆ ಕಾಲದ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ದಿನಗಟ್ಟಲೆ ಸುಲಿಗೆ ನಡೆಯಿತು. ಹೆಂಗಸರ ಮೇಲೆ ಅತ್ಯಾಚಾರವಾಯಿತು. ಮಾನ ಉಳಿಸಿಕೊಳ್ಳಲು ಕೆಲವರು ಕಡಲಿಗೆ ಹಾರಿದರು. ಕುಪಿತನಾದ ಬಾದಶಹನು ಸೂರತ್ತಿನ ಇಂಗ್ಲಿಷ್ ವರ್ತಕರಿಗೆ ಬೇಡಿ ತೊಡಿಸಿದ. ಎವೆರಿಯ ಸಂಗಡಿಗರಲ್ಲಿ ಕೆಲವರು 1696ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದರು. ಎವೆರಿ ಮಾತ್ರ ಯಾರ ಕೈಗೂ ಸಿಕ್ಕದೆ ಮಾಯವಾದ. ಮಾಯವಾದ ಕಳ್ಳನಿಗಿಂತ ಒಳ್ಳೆಯ ಕಥಾನಾಯಕ ಬೇಕೆ? 1712ರ ಹೊತ್ತಿಗೆ ಅವನ ಸಾಹಸ ಲಂಡನ್ನಿನ ರಂಗಭೂಮಿಯ ಮೇಲೆ ನಾಟಕವಾಗಿ ಮೆರೆಯಿತು. ನೊಂದ ಹೆಂಗಸರ ಸಂಗತಿ ಕ್ರಮೇಣ ಹಿಂದೆ ಸರಿಯಿತು; ಕರಿಯ ಬಾವುಟ ಮುಂದೆ ಬಂತು.

ಇನ್ನು ನಮ್ಮ ಸೀಮೆಗೆ ಬರೋಣ. ಶಹಾಪುರದ ಹತ್ತಿರ ಸಗರವೆಂಬ ಊರಿದೆ. ಬಿಜಾಪುರದ ಆದಿಲಶಾಹಿ 1686ರಲ್ಲಿ ಮುರಿದುಬಿದ್ದ ಮೇಲೂ ಅಲ್ಲಿ ಬೇಡರ ಪಾಮನಾಯಕನ ಅಧಿಕಾರ ನಡೆದಿತ್ತು. 1687ರಲ್ಲಿ ಮೊಗಲ ಸೇನೆ ಬಂದಾಗ ಅವನು ಸಗರವನ್ನು ಒಪ್ಪಿಸಿ, ಬಾದಶಹನ ದರಬಾರಿಗೆ ಹೋಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಸೋದರಸಂಬಂಧಿ ಪಿಡ್ಡನಾಯಕನು ರಾಯಚೂರಿನ ಮುತ್ತಿಗೆಯಲ್ಲಿ ಮೊಗಲರ ಪಕ್ಷದಲ್ಲೇ ಕಾದಿದವನು. ಆದರೆ ಬೇರೆಯವರ ಛಾವಣಿಯಲ್ಲಿ ಬಾಳುವುದು ಅವನಿಗೆ ಹಿಡಿಸಲಿಲ್ಲ. ಊರಿಗೆ ಮರಳಿ, ಸುರಪುರದ ಸಮೀಪದ ವಾಗಿನಗೇರೆಯ ಬೆಟ್ಟದ ಮೇಲೆ ಕೋಟೆಯನ್ನು ಬಲಪಡಿಸಿದ. ಗುರಿ ತಪ್ಪದ ಬೇಡ ಬಂದೂಕುಗಾರರನ್ನು ಕೂಡಿಸಿದ. ಬಾದಶಾಹಿ ದಾರಿಗಳಲ್ಲಿ ಹೋಗುವ ಸರಕನ್ನು ಅವನ ಜನ ದೋಚಿದ್ದೂ ಉಂಟು. ಇದನ್ನು ಮರೆಮಾಚುವುದು ಬೇಡ.

ಗಂಜ್-ಇ-ಸವಾಯಿ ಲೂಟಿಯಾದ ಹತ್ತು ವರ್ಷಕ್ಕೆ, 1705ರ ಫೆಬ್ರವರಿಯಲ್ಲಿ, ಅದೇ ಔರಂಗಜೇಬ ವಾಗಿನಗೇರೆಗೆ ತಾನೇ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಮರಾಠಾ ಸರದಾರರು ತಮ್ಮ ಹೆಂಡಿರುಮಕ್ಕಳನ್ನು ಈ ಕೋಟೆಯಲ್ಲೇ ಇರಿಸಿದ್ದರಿಂದ, ಧನಾಜಿ ಜಾಧವನ ಕುದುರೆದಂಡು ನೆರವಿಗೆ ಧಾವಿಸಿತು. ಒಂದು ಕಡೆ ಮೊಗಲರನ್ನು ಕೆಣಕಿ, ಮತ್ತೊಂದು ಕಡೆಯಿಂದ ತಮ್ಮವರನ್ನು ಹೊರಗೆ ಸಾಗಿಸಿದರು. ಇತ್ತ ಪಿಡ್ಡನಾಯಕ ಸಂಧಿಯ ಮಾತು ತೆಗೆದು ದಿನ ದೂಡಿದ. ಒಪ್ಪಂದ ಆಯಿತೆಂದೇ ಮೊಗಲರು ನಂಬಿದ್ದರು. ಅಷ್ಟರಲ್ಲಿ ಕೋಟೆಯಿಂದ ಸುದ್ದಿ ಬಂತು: ನಾಯಕನಿಗೆ ಹುಚ್ಚು ಹಿಡಿದು ಅವನು ಮರಾಠರೊಡನೆ ಓಡಿಹೋಗಿದ್ದಾನಂತೆ! ನಾಯಕ ಒಳಗೇ ಇದ್ದ. ಮೋಸ ಬಯಲಾದ ಮೇಲೆ ಮತ್ತೆ ತೋಪುಗಳು ಗುಡುಗಿದವು. ಜುಲ್ಫಿಕರ್ ಖಾನನು ಬಂದು ಸುತ್ತಲಿನ ಗುಡ್ಡಗಳನ್ನೂ ಬಾವಿಗಳನ್ನೂ ಹಿಡಿದ ಮೇಲೆ ನೀರಿನ ಹಾದಿ ಕಟ್ಟಿತು. ಏಪ್ರಿಲ್ ಕೊನೆಯ ಒಂದು ರಾತ್ರಿ ಗುಂಡಿನ ಸದ್ದು ತಟಕ್ಕನೆ ನಿಂತಿತು. ಮೊಗಲರು ಒಳಹೊಕ್ಕು ನೋಡುತ್ತಾರೆ, ಉರಿಯುತ್ತಿದ್ದ ಕೆಲವು ಮನೆಗಳುಳಿದು ಕೋಟೆಯೆಲ್ಲ ಬರಿದು. ನಾಯಕ ತನ್ನ ಜನರೊಡನೆ ಕತ್ತಲಲ್ಲಿ ಕರಗಿಹೋಗಿದ್ದ. ಗೆದ್ದ ಬಾದಶಹ ಬರಿಯ ಕೋಟೆಗೆ ಹೊಸ ಹೆಸರಿಟ್ಟು, ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲೇ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ಕಾಲವಾದ. ನಾಯಕರ ಮನೆತನವಾದರೋ ಸುರಪುರವನ್ನು ರಾಜಧಾನಿ ಮಾಡಿಕೊಂಡು ಮತ್ತೆ ಒಂದೂವರೆ ಶತಮಾನ ಆಳಿತು.

ಇದಕ್ಕಿಂತ ರೋಚಕವಾದ ಸಾಹಸಕಥೆಯನ್ನು ಯಾವ ಕಡಲುಗಳ್ಳ ಕೊಟ್ಟಾನು? ಮುದಿ ಚಕ್ರವರ್ತಿ, ಬಂಡೆಗಳ ಕೋಟೆ, ಹುಸಿ ಸಂಧಿ, ಹುಸಿ ಹುಚ್ಚು, ಕತ್ತಲ ಪಲಾಯನ, ಎಲ್ಲವೂ ಇಲ್ಲಿವೆ. ಆದರೆ ಎವೆರಿಯ ಕಥೆಯನ್ನು ಬರೆದವರು ಅವನ ಊರಿನವರು. ಅವನ ಭಾಷೆಯಲ್ಲಿ, ಕಾಸಿಗೆ ಸಿಗುವ ಪುಸ್ತಕಗಳಲ್ಲಿ ಬರೆದರು. ಪಿಡ್ಡನಾಯಕನ ಕಥೆಯನ್ನು ಬರೆದವರು ಅವನ ಹಗೆಗಳು. ದರಬಾರಿನ ಪಾರಸಿಯಲ್ಲಿ ಬರೆದರು. ಎವೆರಿಯ ಲೂಟಿಯನ್ನು ದಾಖಲಿಸಿದ ಅದೇ ಖಾಫಿ ಖಾನ್ ವಾಗಿನಗೇರೆಯ ವೃತ್ತಾಂತವನ್ನೂ ಬರೆದಿದ್ದಾನೆ. ಅವನ ಲೇಖನಿಗೆ ಇಬ್ಬರೂ ದರೋಡೆಗಾರರೇ. ಒಬ್ಬನಿಗೆ ಆಮೇಲೆ ಬೇರೆ ಲೇಖನಿ ಸಿಕ್ಕಿತು, ಇನ್ನೊಬ್ಬನಿಗೆ ಸಿಕ್ಕಲಿಲ್ಲ. ಒಬ್ಬ ಮಕ್ಕಳ ಕಣ್ಮಣಿಯಾದ, ಇನ್ನೊಬ್ಬ ಚರಿತ್ರೆಯ ಅಡಿಟಿಪ್ಪಣಿಯಾದ.

ಸುರಪುರಕ್ಕೆ ಕಥೆಗಾರನೇ ಬರಲಿಲ್ಲವೆಂದಲ್ಲ. 1841ರಲ್ಲಿ ಬಂದ ಮೆಡೋಸ್ ಟೇಲರ್ ಸಾಹೇಬರು ಅಷ್ಟರಲ್ಲಾಗಲೇ ಠಕ್ಕನೊಬ್ಬನ ಆತ್ಮಕಥೆಯ ರೂಪದ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಪ್ರಸಿದ್ಧರಾಗಿದ್ದರು. ಬಾಲಕ ರಾಜ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿ, 1853ರಲ್ಲಿ ಅದನ್ನು ಅವನ ಕೈಗೊಪ್ಪಿಸಿದರು. ಚಾಂದಬೀಬಿಯ ಕಾಲವನ್ನು ಕುರಿತು ಅವರು ಬರೆದ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ನಮ್ಮ ಕೃಷ್ಣೆಯೇ ಕಡಲು. ನೆರೆ ಬಂದ ಹೊಳೆಯಲ್ಲಿ ಹರಿಗೋಲು ಹಾಕುವ ಬೇಡರಿದ್ದಾರೆ. ಹೊಳೆಯ ನಡುಗಡ್ಡೆಯ ಜಲದುರ್ಗವಿದೆ. ಕನ್ನಡ ನಾಡಿನ ನೀರಿನ ಮೇಲೆ ನಡೆದ ಈ ಸಾಹಸ ಅಚ್ಚಾದದ್ದು 1878ರಲ್ಲಿ, ಇಂಗ್ಲಿಷಿನಲ್ಲಿ, ಲಂಡನ್ನಿನ ಓದುಗರಿಗಾಗಿ.

ಟೇಲರರು ಕಾದಂಬರಿಯಾಗಿಸದೆ ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟದ್ದು ವೆಂಕಟಪ್ಪನಾಯಕನ ಕೊನೆಯನ್ನು. ಆ ಹುಡುಗ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ಸುರಪುರ ಕಂಪನಿಯ ಸೇನೆಯ ಮೇಲೆ ತಿರುಗಿಬಿದ್ದಿತು. ರಾಜ ಸೆರೆಸಿಕ್ಕ, ಮೊದಲು ಮರಣದಂಡನೆ, ಕಡೆಗೆ ನಾಲ್ಕು ವರ್ಷದ ಸೆರೆ. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಮಡಿದ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಟೇಲರರ ಬರಹ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಬ್ಯಾಲಂಟೈನನ ‘ಕೋರಲ್ ಐಲೆಂಡ್’ ಕಡಲುಗಳ್ಳರ ನಡುವೆ ಬದುಕಿಬಂದ ಮೂವರು ಧೀರ ಹುಡುಗರ ಕಥೆಯಾಗಿ ಇಂಗ್ಲೆಂಡಿನ ಬಾಲಕರ ಕೈಸೇರಿದ್ದೂ ಅದೇ ಚಳಿಗಾಲದ ಆಜುಬಾಜಿನಲ್ಲಿ.

ನಮ್ಮವರು ಪೂರ್ತಿ ಮೌನವಾಗಿದ್ದರೆನ್ನಲಾಗದು. ಲಾವಣಿಕಾರರು ಹಾಡಿದರು. ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಸಾಹೇಬರು ಅಚ್ಚುಹಾಕಿಸಿದ್ದರಿಂದ ಆ ಬಂಡಾಯ ಕನ್ನಡದ ಪಾಠಪುಸ್ತಕಗಳಿಗೂ ಬಂತು. ಹಾಡು ಅಚ್ಚಾದಲ್ಲಿ ನೆನಪು ಉಳಿಯಿತು.

ಈಗ ಆಗಬೇಕಾದ್ದೇನು? ನಾಯಕರ ಹೆಸರಿನಲ್ಲಿ ಭಾಷಣಗಳಾಗುತ್ತವೆ, ಹಾರಗಳು ಬೀಳುತ್ತವೆ, ಬೇಡವೆನ್ನುವವನು ನಾನಲ್ಲ. ಆದರೆ ಸ್ತುತಿಪಾಠವನ್ನು ಯಾವ ಹುಡುಗನೂ ಕಂದೀಲಿನ ಬೆಳಕಿನಲ್ಲಿ ಕದ್ದು ಓದಲಾರ. ಸಿಲ್ವರನನ್ನು ಮಕ್ಕಳು ಮರೆಯದಿರಲು ಕಾರಣ, ಸ್ಟೀವನ್ಸನ್ ಅವನನ್ನು ಸಂತನನ್ನಾಗಿ ಮಾಡದೆ ಹೋದದ್ದು. ಅವನು ಸುಳ್ಳ, ಕೊಲೆಗಡುಕ. ಜೊತೆಗೆ ಹುಡುಗನೊಬ್ಬನ ಮೇಲೆ ಮಮತೆ ಉಳ್ಳವನು. ಪಿಡ್ಡನಾಯಕನನ್ನೂ ಹಾಗೆಯೇ, ದೋಚುವ ಕೈ, ಸುಳ್ಳಾಡುವ ನಾಲಗೆ, ಮಣಿಯದ ತಲೆ ಮೂರನ್ನೂ ಇಟ್ಟುಕೊಂಡು ಬರೆಯುವ ಧೈರ್ಯ ನಮ್ಮ ಲೇಖಕರಿಗೆ ಬೇಕು. ಕಡಲುಗಳ್ಳರ ಕಥೆಗಾರರು ಕೈಬಿಟ್ಟ ಸಂಗತಿಗಳನ್ನು, ಸುಲಿಗೆಗೊಳಗಾದ ವರ್ತಕನನ್ನೂ ನೀರಿಲ್ಲದ ಕೋಟೆಯಲ್ಲಿ ಕುಳಿತ ಹೆಂಗಸರನ್ನೂ, ನಾವು ಕೈಬಿಡಬಾರದು. ನಾಳೆ ಸುರಪುರದ ಬಾಲಕನೊಬ್ಬ ಸಿಲ್ವರನ ಪುಸ್ತಕ ಓದಿ ಮುಗಿಸಿ, ಅದೇ ಹಸಿವಿನಿಂದ ಇನ್ನೊಂದನ್ನು ಕೇಳಿದಾಗ, ಅವನ ಮನೆಯಂಗಳದಿಂದ ಕಾಣುವ ಬೆಟ್ಟಗಳ ಕಥೆ ಕನ್ನಡದಲ್ಲಿ ಅವನ ಕೈಗೆ ಸಿಗುವಂತಾಗಲಿ.