ಅಜ್ಜನ ಮಸರಿನ ಬಟ್ಟಲು ಮತ್ತು ಅಮೆರಿಕದ ಲೆಕ್ಕ

1/6
ಗೆಳೆಯರೇ, ಈ ಫೋಟೊ ನೋಡಿ. ಕುಷ್ಟಗಿಯ ನಮ್ಮ ಮನೆ ಪಡಸಾಲೆ. ಅಜ್ಜನ ಮುಂದೆ ಸಜ್ಜಿ ರೊಟ್ಟಿ, ಪಕ್ಕದಲ್ಲಿ ಮಸರಿನ ಬಟ್ಟಲು. ಹೋದ ತಿಂಗಳು ಆ ಬಟ್ಟಲು ಮಾಯ ಆಯ್ತು. "ಹಾಲು, ಮಸರು ತಿಂದ್ರ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರತೈತಿ" ಅಂತ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿತ್ತು. "ಯಪ್ಪಾ, ಇನ್ನ ಮಸರು ಬ್ಯಾಡ" ಅಂದ ನಮ್ಮಪ್ಪ. ಅಜ್ಜ ಸುಮ್ಮನೆ ಬಿಟ್ಟ. ಈ ಮಾತು ಎಲ್ಲಿಂದ ಹೊರಟು ನಮ್ಮ ಪಡಸಾಲೆಗೆ ಬಂತು? ಹುಡುಕಿದೆ.

2/6
ಮೊದಲು ನಮ್ಮ ಹಾಲಿನ ಕಥೆ. 1948ರವರೆಗೆ ಕುಷ್ಟಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಯಚೂರು ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಸೇರಿತು. ಮಳೆ ನಂಬಿ ಬದುಕೋ ಸೀಮೆ. ಮೇವು ಇದ್ರೆ ಹಾಲು, ಇಲ್ಲಾಂದ್ರೆ ಇಲ್ಲ. ಅಜ್ಜ ಹೇಳೋ ಪ್ರಕಾರ ಅವನ ಮನೆಯಲ್ಲಿ ಹಾಲನ್ನ ಹಾಲಾಗಿ ಕುಡಿದವರು ಕೂಸುಗಳು, ಬಾಣಂತಿಯರು ಮಾತ್ರ. ಉಳಿದವರಿಗೆ ನೀರು ಮಜ್ಜಿಗೆ.

3/6
1970ರಲ್ಲಿ ದೇಶದಲ್ಲಿ ಕ್ಷೀರಕ್ರಾಂತಿ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಅದೇ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಬಂತು, ಆದರೆ ಮೊದಲು ದಕ್ಷಿಣದ ಜಿಲ್ಲೆಗಳಿಗೆ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯ್ತು. ನಮ್ಮ ಕೊಪ್ಪಳ ಜಿಲ್ಲೆ ಈಗ ಬಳ್ಳಾರಿ ಕೇಂದ್ರದ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು: ಶಾಲೆ ಮಕ್ಕಳಿಗೆ 150 ಮಿ.ಲೀ. ಬಿಸಿ ಹಾಲು. ನಮ್ಮ ಬ್ಯಾಚಿನವರಿಗೆ ಆ ಸ್ಟೀಲ್ ಲೋಟ ನೆನಪಿದೆ ಅಲ್ವಾ? 1970ರ ಸುಮಾರಿಗೆ ಭಾರತದಲ್ಲಿ ತಲೆಗೆ ದಿನಕ್ಕೆ ಸಿಗ್ತಿದ್ದ ಹಾಲು 110 ಗ್ರಾಂ ಆಸುಪಾಸು. 2022-23ರಲ್ಲಿ 459 ಗ್ರಾಂ.

4/6
ಈಗ ಅಮೆರಿಕ. ಅಲ್ಲಿ 20,885 ಗಂಡು ಡಾಕ್ಟರುಗಳನ್ನ 11 ವರ್ಷ ಗಮನಿಸಿದರು. 1,012 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. 2001ರಲ್ಲಿ ಫಲಿತಾಂಶ ಪ್ರಕಟ ಆಯ್ತು: ಹಾಲು, ಚೀಸ್, ಐಸ್‌ಕ್ರೀಮ್ ಎಲ್ಲಾ ಸೇರಿ ದಿನಕ್ಕೆ ಎರಡೂವರೆ ಪಾಲಿಗಿಂತ ಜಾಸ್ತಿ ತಗೊಂಡವರಲ್ಲಿ, ಅರ್ಧ ಪಾಲು ಅಥವಾ ಅದಕ್ಕಿಂತ ಕಡಿಮೆ ತಗೊಂಡವರಿಗಿಂತ ಅಪಾಯ 34% ಹೆಚ್ಚು. ನೂರರಲ್ಲಿ 34 ಮಂದಿಗೆ ಬರುತ್ತೆ ಅಂತಲ್ಲ! ಕಡಿಮೆ ತಿನ್ನೋ ಗುಂಪಿನಲ್ಲಿ 100 ಮಂದಿಗೆ ಬಂದ್ರೆ, ಅಷ್ಟೇ ದೊಡ್ಡ ಇನ್ನೊಂದು ಗುಂಪಿನಲ್ಲಿ 134 ಮಂದಿಗೆ ಅಂತ.

5/6
ಯಾಕಿರಬಹುದು? ಎರಡು ಊಹೆ ಇವೆ. ಕ್ಯಾಲ್ಸಿಯಂ ಅತಿಯಾದ್ರೆ ದೇಹದಲ್ಲಿ ಕೆಲಸ ಮಾಡೋ ರೂಪದ ವಿಟಮಿನ್ ಡಿ ತಗ್ಗುತ್ತೆ. ಹಾಲಿನಿಂದ ಐಜಿಎಫ್-1 ಅನ್ನೋ ಬೆಳವಣಿಗೆಯ ಹಾರ್ಮೋನ್ ಸ್ವಲ್ಪ ಏರುತ್ತೆ. ಆದರೆ ಎರಡು ಸಂಗತಿ ಜೊತೆಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಎಲ್ಲಾ ಅಧ್ಯಯನ ತೂಗಿ ನೋಡಿ ಹೇಳಿದ್ದು: ಪ್ರಾಸ್ಟೇಟ್ ವಿಷಯದಲ್ಲಿ ಪುರಾವೆ ಸೀಮಿತ, ಸೂಚನೆ ಮಾತ್ರ. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಹಾಲಿನ ಪದಾರ್ಥಗಳು ಬಹುಶಃ ಕಾಪಾಡುತ್ತವೆ ಅಂತಲೂ ಅದೇ ಸಂಸ್ಥೆ ಹೇಳಿದೆ. ಆ ಅರ್ಧ ಫಾರ್ವರ್ಡ್ ಆಗಲಿಲ್ಲ.

ಪ್ರಶ್ನೆ ಸುಳ್ಳಲ್ಲ. ನಮ್ಮ ಲೋಟವೂ ದೊಡ್ಡದಾಗ್ತಿದೆ, ಹಾಗಾಗಿ ನಾಳೆ ಅದು ನಮ್ಮದೂ ಆಗಬಹುದು. ಆದರೆ ಹಾಲು, ಚೀಸ್, ಐಸ್‌ಕ್ರೀಮ್ ತುಂಬಿದ ಊಟದ ಲೆಕ್ಕವನ್ನ ಒಂದು ಬಟ್ಟಲು ಮಸರಿನ ಮೇಲೆ ಹಾಕಿದ್ದು ನಮ್ಮ ತಪ್ಪು.

6/6
ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಮಸರು ಬಿಡಿಸಿದ ನಾವು ಯಾರೂ ಅಜ್ಜನನ್ನ ಏನೂ ಕೇಳಿರಲಿಲ್ಲ. ಇದನ್ನ ಬರೆಯೋಕೆ ಕೂತಾಗ ಕೇಳಿದೆ. "ಅಜ್ಜಾ, ರಾತ್ರಿ ಎಷ್ಟ್ ಸಲ ಏಳ್ತೀ?"
"ನಾಕೈದ್ ಸಲ. ಎರಡು ವರ್ಷ ಆತು. ಇದನ್ನೇನ್ ಮಂದಿ ಮುಂದ ಹೇಳೋದು?"

ಡಾಕ್ಟರ್ ಹತ್ರ ಹೋದ್ವಿ. ರಕ್ತ ಪರೀಕ್ಷೆ, ಸ್ಕ್ಯಾನ್ ಆಯ್ತು. ಮೂತ್ರಕೋಶದ ಕೆಳಗಿನ ಆ ಗ್ರಂಥಿ ವಯಸ್ಸಿಗೆ ದಪ್ಪ ಆಗಿದೆ ಅಷ್ಟೇ, ಮಾತ್ರೆ ಸಾಕು ಅಂದ್ರು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಈ ಕ್ಯಾನ್ಸರ್ ಶುರುವಿನಲ್ಲಿ ಲಕ್ಷಣ ತೋರಿಸದೇನೂ ಇರಬಹುದು. ಯಾವುದು ಏನು ಅಂತ ಹೇಳಬೇಕಾದವರು ಡಾಕ್ಟರ್, ಫಾರ್ವರ್ಡ್ ಅಲ್ಲ.

ನಿನ್ನೆ ರಾತ್ರಿ ಊಟಕ್ಕೆ ಬಟ್ಟಲು ವಾಪಸ್ ಬಂತು. ನಿಮ್ಮ ಮನೆ ಅಜ್ಜನಿಗೂ ಇವತ್ತು ಆ ಒಂದು ಪ್ರಶ್ನೆ ಕೇಳಿ. ಏನಂದ್ರು ಅಂತ ನನಗೆ ಮೆಸೇಜ್ ಮಾಡಿ.

#ಕುಷ್ಟಗಿ #ಊಟದಇತಿಹಾಸ #ಹಾಲಿನಕಥೆ