ಕಡಲ ಮೇಲಿನ ಗೆರೆ

ಹರಿಹರದ ಹೊಳೆ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ? ತುಂಗಭದ್ರೆ ಕೃಷ್ಣೆಯನ್ನು ಸೇರುತ್ತಾಳೆ. ಡ್ಯಾಮು, ಕಾಲುವೆಗಳಿಗೆ ಹೋಗಿ ಉಳಿದ ನೀರು ಬಂಗಾಳ ಕೊಲ್ಲಿಗೆ. ಅಲ್ಲಿ ಅದು ತಕ್ಷಣ ಕಡಲಲ್ಲಿ ಬೆರೆತುಹೋಗಲ್ಲ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತೆ. ಹೀಗೆ ಎರಡು ಬಗೆಯ ನೀರು ಸಂಧಿಸುವ ಗೆರೆಗೆ ‘ಫ್ರಂಟ್’ ಅಂತಾರೆ. ಬಿಸಿನೀರು, ತಣ್ಣೀರಿನ ನಡುವೆಯೂ ಇಂಥ ಗೆರೆ ಏಳುತ್ತೆ. ಅಲ್ಲಿ ಸೂಕ್ಷ್ಮ ಪಾಚಿ ಸೇರುತ್ತೆ, ಪಾಚಿ ಇದ್ದಲ್ಲಿಗೆ ಮೀನು ಬರುತ್ತೆ.

ಈ ಗೆರೆಯನ್ನು ಮೊದಲು ಗುರುತಿಸಿದವರು ವಿಜ್ಞಾನಿಗಳಲ್ಲ. ತಿಮಿಂಗಿಲಗಳು ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆ ಪ್ರವಾಹದ ಒಳಗಲ್ಲ, ಅಂಚಿನಲ್ಲಿ ಸಿಗುತ್ತವೆ ಅಂತ ಅಮೆರಿಕದ ಬೇಟೆಗಾರರಿಗೆ ಗೊತ್ತಿತ್ತು. ತಿಮೊತಿ ಫೋಲ್ಗರ್ ಎಂಬ ಹಡಗಿನ ಕ್ಯಾಪ್ಟನ್ ಹೇಳಿದ್ದನ್ನು ಕೇಳಿಯೇ ಬೆಂಜಮಿನ್ ಫ್ರಾಂಕ್ಲಿನ್ 1769ರ ಸುಮಾರಿಗೆ ಆ ಪ್ರವಾಹದ ನಕ್ಷೆ ಮಾಡಿಸಿದ್ದು. 1775ರಲ್ಲಿ ಆತ ಹಡಗಿನಿಂದ ಥರ್ಮಾಮೀಟರ್ ಇಳಿಬಿಟ್ಟು ನೀರಿನ ಬಿಸಿ ಅಳೆದ.

ಹಡಗು ಅಳೆಯೋದು ಒಮ್ಮೆಗೆ ಒಂದೇ ಜಾಗ. ಉಪಗ್ರಹಕ್ಕೆ ಇಡೀ ಕಡಲು ಕಾಣುತ್ತೆ. 1978ರಲ್ಲಿ ನಿಂಬಸ್-7 ಆಕಾಶದಿಂದ ಕಡಲಿನ ಬಣ್ಣ ಓದತೊಡಗಿತು. ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ತಯಾರಾದ ಭಾಸ್ಕರ-1 ಸಮುದ್ರ ನೋಡುವ ಮೈಕ್ರೋವೇವ್ ಉಪಕರಣ ಹೊತ್ತು ಹೋಯಿತು. 1999ರ ಮೇ 26ರಂದು ಓಷನ್‌ಸ್ಯಾಟ್-1 ಹಾರಿತು. ಅದೇ ವರ್ಷ ಹೈದರಾಬಾದಿನಲ್ಲಿ ಇನ್‌ಕಾಯಿಸ್ ಸಂಸ್ಥೆ ಶುರುವಾಯಿತು. ಮೀನು ಸಿಗಬಹುದಾದ ಜಾಗಗಳನ್ನು ಕರಾವಳಿಗೆಲ್ಲ ತಿಳಿಸೋದು ಈಗ ಅದರ ಕೆಲಸ. ಹುಡುಕಾಟ ಕಡಿಮೆಯಾದಷ್ಟೂ ಡೀಸೆಲ್ ಉಳಿಯುತ್ತೆ.

ಚಿತ್ರದಲ್ಲಿ ಗೆರೆ ಹುಡುಕೋದು ಹೇಗೆ? ಕೋಡ್ ಬರೆಯುವವರಿಗೆ ಇದು ಪರಿಚಿತ ಲೆಕ್ಕ. 1992ರಲ್ಲಿ ಕೇಯುಲಾ, ಕಾರ್ನಿಲನ್ ಎಂಬಿಬ್ಬರು ಒಂದು ಅಲ್ಗಾರಿದಮ್ ಪ್ರಕಟಿಸಿದರು. 32×32 ಪಿಕ್ಸೆಲ್‌ಗಳ ಚೌಕ ತಗೊಂಡು, ಅದರೊಳಗಿನ ಉಷ್ಣಾಂಶಗಳು ಒಂದೇ ಗುಂಪೋ, ಎರಡು ಗುಂಪೋ ನೋಡು. ಎರಡಾಗಿದ್ದರೆ ನಡುವಿನ ಗಡಿಯೇ ಫ್ರಂಟ್.

ಆದರೆ ಕರ್ನಾಟಕದ ಕರಾವಳಿಯಲ್ಲಿ ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳೋದು ಮುಂಗಾರಿನಲ್ಲಿ. ಆಗಲೇ ಮೋಡ ಕವಿದಿರುತ್ತೆ. ಬಣ್ಣ ನೋಡುವ ಕಣ್ಣಿಗೂ ಇನ್‌ಫ್ರಾರೆಡ್ ಕಣ್ಣಿಗೂ ಮೋಡ ಅಡ್ಡ. ಮೈಕ್ರೋವೇವ್ ಮೋಡ ದಾಟುತ್ತೆ, ಆದರೆ ಅದರ ಚಿತ್ರ ಒರಟು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಕಾಲ, ಆಗ ಸೂಚನೆಯೂ ಬರಲ್ಲ. ದೊಡ್ಡ ಬೋಟುಗಳು ದಡದಲ್ಲಿರುತ್ತವೆ, ಆದರೆ ನಾಡದೋಣಿಗಳಿಗೆ ನಿಷೇಧವಿಲ್ಲ.

ಅಂದ್ರೆ, ಕಡಲು ಅತ್ಯಂತ ಸಮೃದ್ಧವಾಗಿರುವಾಗ, ಅತ್ಯಂತ ಅಪಾಯಕಾರಿಯೂ ಆಗಿರುವಾಗ, ನೀರಿಗಿಳಿಯುವ ಬಡವನಿಗೆ ಉಪಗ್ರಹದ ನೆರವಿಲ್ಲ. ನೀರಿನ ಬಣ್ಣ, ನೊರೆ, ಹಕ್ಕಿ ನೋಡಿಯೇ ಅವನು ಗೆರೆ ಹುಡುಕಬೇಕು, ಫ್ರಾಂಕ್ಲಿನ್‌ಗೆ ಪಾಠ ಹೇಳಿದ ಆ ಬೇಟೆಗಾರರ ಹಾಗೆ.