ಜೇನುತುಪ್ಪ: ಅಂದು, ಇಂದು



ಗಿರಣಿ ಸಕ್ಕರೆ ಬರುವ ಮೊದಲು ನಮ್ಮ ಹಿರ್ಯಾರಿಗೆ ಸಿಹಿ ಅಂದರೆ ಬೆಲ್ಲ, ಇಲ್ಲವೇ ಜೇನುತುಪ್ಪ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡಿಗೆ, ಪಾನಕಗಳ ವರ್ಣನೆ ಇದೆ. ಅದೇ ಚಾಲುಕ್ಯರ ಕಾಲದ ಗುಡಿ ನಮ್ಮ ಅಣ್ಣಿಗೇರಿಯ ಅಮೃತೇಶ್ವರ. ದೇವರ ಪಂಚಾಮೃತಕ್ಕೆ ಹಾಲು, ಮೊಸರು, ತುಪ್ಪ, ಸಕ್ಕರೆ ಜೊತೆ ಜೇನು ಬೇಕೇ ಬೇಕು.

ಕೊಡಗು, ದಕ್ಷಿಣ ಕನ್ನಡದ ರೈತರು ಪೆಟ್ಟಿಗೆಯೊಳಗ ತುಡುವೆ ಜೇನು ಸಾಕಿ, ನಮ್ಮಂಗ ಸಹಕಾರಿ ಸಂಘ ಕಟ್ಟಿ ತುಪ್ಪ ಮಾರಿದರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಮರಿಹುಳ ಸತ್ತು, ಹೆಚ್ಚಿನ ಪೆಟ್ಟಿಗೆಗಳು ಖಾಲಿಯಾದವು. ಆದರೂ ಉಳಿದ ಕುಟುಂಬಗಳಿಂದಲೇ ಜೇನು ಮತ್ತೆ ಬೆಳೆಯಿತು. ಒಬ್ಬೊಬ್ಬರೇ ಇದ್ದಿದ್ದರೆ ಈ ಪೆಟ್ಟು ತಾಳುವುದು ಕಷ್ಟವಿತ್ತು ಎಂದು ನಾವು ತಿಳಿಯುತ್ತೇವೆ.

ಇನ್ನು ಬಳಕೆಯ ಮಾತು. ಒಂದು ಬಟ್ಟಲು ಸಕ್ಕರೆ ಹಾಕುವಲ್ಲಿ ಮುಕ್ಕಾಲು ಬಟ್ಟಲು ಜೇನು ಸಾಕು. ಜೇನಿನಲ್ಲಿ ಸುಮಾರು ಐದರಲ್ಲೊಂದು ಪಾಲು ನೀರೇ ಇರ್ತೈತಿ, ಅದಕ್ಕ ನೀರು ಕಡಿಮೆ ಹಾಕಬೇಕು. ಕುದಿಯುವಾಗ ಹಾಕಿದರೆ ಪರಿಮಳ ಹೋಗ್ತೈತಿ. ಇಳಿಸಿ, ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಲಿಂಬಿ ಪಾನಕಕ್ಕ ಬಲು ಚಲೋ. ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಜೇನೂ ಸಕ್ಕರೆಯೇ.

ನಮ್ಮ ಎರಿ ಹೊಲದ ಸೂರ್ಯಕಾಂತಿ ಚಲೋ ಕಾಳು ಕಟ್ಟಬೇಕಾದರೆ ಜೇನುಹುಳ ಬೇಕು. ಹೂವಿನ ಹೊತ್ತಿನಾಗ ಎಣ್ಣಿ ಹೊಡೆದರೆ ಹುಳವೂ ಹೋಗ್ತೈತಿ, ಇಳುವರಿಯೂ ಹೋಗ್ತೈತಿ. ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ, ಸಂಜಿಮುಂದ ಹೊಡೆಯಿರಿ ಎಂದು ಸದಸ್ಯರಲ್ಲಿ ನಮ್ಮ ವಿನಂತಿ.